ಬಾಂದ್ರಾದಲ್ಲಿ ಒಂದು ದಿನ: ಗಲ್ಲಿ ಮೊದಲು, ಕಡಲು ಆಮೇಲೆ

ಮುಂಬೈಗೆ ಹೋದವರಲ್ಲಿ ಹೆಚ್ಚಿನವರು ಬಾಂದ್ರಾ ನೋಡುವ ಕ್ರಮವೇ ತಲೆಕೆಳಗು. ಮಧ್ಯಾಹ್ನ ಹನ್ನೆರಡಕ್ಕೆ ಟ್ಯಾಕ್ಸಿಯಲ್ಲಿ ಕಡಲ ಬದಿಯ ಬ್ಯಾಂಡ್‌ಸ್ಟ್ಯಾಂಡಿಗೆ ಬಂದಿಳಿಯುತ್ತಾರೆ, ಶಾರುಖ್ ಖಾನ್ ಅವರ ‘ಮನ್ನತ್’ ಬಂಗಲೆಯ ಗೇಟಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಬಿಸಿಲು ತಡೆಯಲಾರದೆ ಕಣ್ಣಿಗೆ ಬಿದ್ದ ಕೆಫೆಗೆ ನುಗ್ಗಿ ದುಡ್ಡು ಸುರಿದು ವಾಪಸಾಗುತ್ತಾರೆ. ಆ ಹೊತ್ತಿಗೆ ಕಡಲೂ ಚೆನ್ನಾಗಿರುವುದಿಲ್ಲ, ಊರೂ ಕಾಣುವುದಿಲ್ಲ. ಬಾಂದ್ರಾದ ಜೀವ ಇರುವುದು ಹಿಲ್ ರೋಡಿನ ಆಚೀಚಿನ ಹಳೆಯ ಗಲ್ಲಿಗಳಲ್ಲಿ. ಅವನ್ನು ಬೆಳಗಿನ ತಂಪಿನಲ್ಲಿ ನಡೆದು ನೋಡಬೇಕು. ಕಡಲ ದಂಡೆಯನ್ನು ಸಂಜೆ ನಾಲ್ಕರ ನಂತರಕ್ಕೆ ಇಟ್ಟುಕೊಳ್ಳಬೇಕು. ಈ ಒಂದು ಅದಲುಬದಲು ಮಾಡಿಕೊಂಡರೆ ದಿನ ಸಾರ್ಥಕ.

ಹೊರಡುವ ಮೊದಲು ಎರಡು ವಿಷಯ ತಿಳಿದಿರಲಿ. ಬಾಂದ್ರಾ ಎರಡು ಭಾಗ. ರೈಲು ಹಳಿಯ ಪೂರ್ವಕ್ಕೆ ಸರ್ಕಾರಿ ಕಚೇರಿಗಳು, ಕೋರ್ಟು, ಬಿಕೆಸಿ ಎಂದು ಕರೆಯುವ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್. ಪಶ್ಚಿಮಕ್ಕೆ ಇಗರ್ಜಿಗಳು, ಬೇಕರಿಗಳು, ಪೇಟೆ, ಕಡಲು. ನಾವಿಲ್ಲಿ ಹೇಳುತ್ತಿರುವುದೆಲ್ಲ ಪಶ್ಚಿಮದ ಮಾತು. ಎರಡನೆಯದು, ಇಲ್ಲಿ ಮರಳಿನ ದಂಡೆ ಇಲ್ಲ. ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಕರಿಬಂಡೆ, ಕಾರ್ಟರ್ ರೋಡಿನಲ್ಲಿ ಬಂಡೆ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರು. ಮಕ್ಕಳಿಗೆ ಮರಳಿನಲ್ಲಿ ಆಡಬೇಕು, ನೀರಿಗೆ ಕಾಲಿಡಬೇಕು ಎಂದಿದ್ದರೆ ಉತ್ತರಕ್ಕಿರುವ ಜುಹೂಗೆ ಹೋಗುವುದೇ ಸರಿ.

ತಲುಪುವ ಬಗೆ

ಲೋಕಲ್ ರೈಲಿಗಿಂತ ಒಳ್ಳೆಯ ದಾರಿ ಇಲ್ಲ. ಪಶ್ಚಿಮ ರೈಲ್ವೆಯ, ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ಫಾಸ್ಟ್ ಲೋಕಲ್‌ಗಳಲ್ಲಿ ಚರ್ಚ್‌ಗೇಟ್‌ನಿಂದ ಬಾಂದ್ರಾಕ್ಕೆ ಇಪ್ಪತ್ತೈದು ನಿಮಿಷದೊಳಗಿನ ದಾರಿ. ಎಲ್ಲ ಕಡೆ ನಿಲ್ಲುವ ಸ್ಲೋ ಹತ್ತಿದರೆ ಅರ್ಧ ಗಂಟೆ ಮೀರಬಹುದು. ಇಂಡಿಕೇಟರಿನಲ್ಲಿ ಕೊನೆಯ ನಿಲ್ದಾಣದ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ‘ಎಫ್’ ಅಥವಾ ‘ಎಸ್’ ಇರುತ್ತದೆ: ಫಾಸ್ಟ್, ಸ್ಲೋ. ಅಂಧೇರಿ, ಬೋರಿವಲಿ, ವಿರಾರ್, ಯಾವುದಿದ್ದರೂ ಸಾಮಾನ್ಯವಾಗಿ ಬಾಂದ್ರಾದಲ್ಲಿ ನಿಲ್ಲುತ್ತದೆ. ಆದರೂ ವಿರಾರ್ ಫಾಸ್ಟ್ ಮಾತ್ರ ಹತ್ತಬೇಡಿ. ದೂರ ಹೋಗುವವರು ಬಾಗಿಲಲ್ಲೇ ಒತ್ತಾಗಿ ನಿಂತಿರುತ್ತಾರೆ, ನಡುವೆ ಇಳಿಯುವವರಿಗೆ ದಾರಿ ಸಿಗುವುದಿಲ್ಲ. ಅಂಧೇರಿ ಲೋಕಲ್ಲೇ ಹಿತ. ಮರಾಠಿ ಬೋರ್ಡಿನಲ್ಲಿ ನಿಲ್ದಾಣದ ಹೆಸರು ‘ವಾಂದ್ರೆ’ ಎಂದಿರುತ್ತದೆ, ನೋಡಿ ಗಾಬರಿಯಾಗಬೇಕಿಲ್ಲ.

ಗರ್ದಿಗೆ ದಿಕ್ಕು ಇದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನ ಉತ್ತರದಿಂದ ಚರ್ಚ್‌ಗೇಟ್ ಕಡೆ ಹರಿಯುತ್ತಾರೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ ಮರಳುತ್ತಾರೆ. ಹಾಗಾಗಿ ದಕ್ಷಿಣ ಮುಂಬೈಯ ಕೊಲಾಬಾ, ಫೋರ್ಟ್ ಕಡೆ ತಂಗಿದವರಿಗೆ ಬಾಂದ್ರಾ ಹೋಗಿಬರುವುದು ಎರಡು ಸಲವೂ ಗರ್ದಿಯ ಎದುರು ದಿಕ್ಕು, ಸುಖ ಪ್ರಯಾಣ. ಅಂಧೇರಿ, ಬೋರಿವಲಿಯಲ್ಲಿ ನೆಂಟರ ಮನೆಯಲ್ಲಿ ಇಳಿದುಕೊಂಡವರಿಗೆ ಇದು ಉಲ್ಟಾ. ಅವರು ಬೆಳಿಗ್ಗೆ ಏಳಕ್ಕೆ ಮೊದಲೇ ರೈಲು ಹತ್ತಿ, ರಾತ್ರಿ ಊಟ ಮುಗಿಸಿ ಒಂಬತ್ತರ ಮೇಲೆ ಹೊರಡಬೇಕು. ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡಿದು ಫಸ್ಟ್ ಕ್ಲಾಸ್ ಡಬ್ಬಿಗೆ ಹತ್ತಿಬಿಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ಎರಡೂ ಡಬ್ಬಿ ಒಂದೇ ರೈಲಿನಲ್ಲಿ ಅಕ್ಕಪಕ್ಕ ಇರುತ್ತವೆ, ಹೊರಗಿನ ಗುರುತು ನೋಡದಿದ್ದರೆ ಗೊತ್ತಾಗುವುದಿಲ್ಲ, ದಂಡ ಕಟ್ಟಬೇಕಾಗುತ್ತದೆ.

ಊರಿನಿಂದ ನೇರ ಬರುವವರಿಗೆ: ಮೈಸೂರು, ಹುಬ್ಬಳ್ಳಿ ಕಡೆಯಿಂದ ದಾದರ್‌ಗೆ ಬರುವ ಗಾಡಿಯಲ್ಲಿದ್ದರೆ ಅಲ್ಲೇ ಪಶ್ಚಿಮ ರೈಲ್ವೆಯ ಪ್ಲಾಟ್‌ಫಾರ್ಮಿಗೆ ಸೇತುವೆ ದಾಟಿ ಫಾಸ್ಟ್ ಲೋಕಲ್ ಹಿಡಿಯಿರಿ, ಮುಂದಿನ ನಿಲುಗಡೆಯೇ ಬಾಂದ್ರಾ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಬಂದರೆ ಅಲ್ಲಿಂದಲೇ ಹಾರ್ಬರ್ ಲೈನ್ ಎಂಬ ಇನ್ನೊಂದು ಲೋಕಲ್ ಮಾರ್ಗದ ಬಾಂದ್ರಾ, ಅಂಧೇರಿ ಅಥವಾ ಗೋರೆಗಾಂವ್ ಲೋಕಲ್ ಸಿಗುತ್ತದೆ. ಪನ್ವೇಲ್ ಅಥವಾ ವಾಶಿ ಎಂದಿರುವುದನ್ನು ಹತ್ತಿದರೆ ವಡಾಲಾದ ಮುಂದೆ ಬೇರೆ ದಾರಿ ಹಿಡಿಯುತ್ತದೆ. ಮಂಗಳೂರಿನ ಮತ್ಸ್ಯಗಂಧದವರು ಇಳಿಯುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ. ಹತ್ತಿರದ ತಿಲಕ್ ನಗರದಿಂದ ಹಾರ್ಬರ್ ಲೋಕಲ್‌ನಲ್ಲಿ ವಡಾಲಾ ರೋಡಿಗೆ ಬಂದು ಅಲ್ಲಿ ಗೋರೆಗಾಂವ್ ಕಡೆಯದಕ್ಕೆ ಬದಲಿಸಬಹುದು. ಸಾಮಾನು ಹೆಚ್ಚಿದ್ದರೆ ರಿಕ್ಷಾ ಮೇಲು.

ಬಾಂದ್ರಾ ಟರ್ಮಿನಸ್ ಬೇರೆ, ಬಾಂದ್ರಾ ಲೋಕಲ್ ನಿಲ್ದಾಣ ಬೇರೆ. ದೂರದ ಗಾಡಿಗಳು ನಿಲ್ಲುವ ಟರ್ಮಿನಸ್ ಪೂರ್ವದಲ್ಲಿದೆ, ಲೋಕಲ್ ನಿಲ್ದಾಣಕ್ಕೆ ಅಂಟಿಕೊಂಡಿಲ್ಲ. ಅಲ್ಲಿಂದ ಖಾರ್ ರೋಡ್ ನಿಲ್ದಾಣಕ್ಕೆ 2022ರಿಂದ ಪಾದಚಾರಿ ಮೇಲ್ಸೇತುವೆ ಇದೆ. ಗಾಡಿ ಇಳಿದವರು ಅದನ್ನು ಬಳಸಿದರೆ ರಿಕ್ಷಾದವರ ಜೊತೆ ವಾದ ತಪ್ಪುತ್ತದೆ.

ವಿಮಾನದಲ್ಲಿ ಬರುವವರಿಗೆ ಭೂಗತ ಮೆಟ್ರೊ ಮೂರನೇ ಮಾರ್ಗ ಇದೆ. ಟರ್ಮಿನಲ್ ಎರಡರಿಂದ ಬಿಕೆಸಿವರೆಗೆ ಹೋಗಿ, ಮುಂದೆ ರಿಕ್ಷಾ. ಬಿಕೆಸಿ ನಿಲ್ದಾಣ ಪೂರ್ವದಲ್ಲಿರುವುದರಿಂದ ಅಲ್ಲಿಂದ ಕಡಲಿಗೆ ನಡೆದೇಬಿಡುತ್ತೇವೆ ಎಂದು ಹೊರಡಬೇಡಿ.

ದಕ್ಷಿಣ ಮುಂಬೈಯಿಂದ ಕಾರಿನಲ್ಲಿ ಬರುವುದಾದರೆ ಕೋಸ್ಟಲ್ ರೋಡ್ ಹಿಡಿದು ವರ್ಲಿಯಿಂದ ಸೀ ಲಿಂಕ್. 2009ರಲ್ಲಿ ತೆರೆದ, 5.6 ಕಿ.ಮೀ. ಉದ್ದದ ಈ ಸೇತುವೆಯ ಮೇಲೆ ಬೈಕು, ರಿಕ್ಷಾ, ಪಾದಚಾರಿಗಳಿಗೆ ಪ್ರವೇಶವಿಲ್ಲ. ಟ್ಯಾಕ್ಸಿಯಾದರೆ ಟೋಲ್ ಮೀಟರಿಗೆ ಸೇರಿಲ್ಲ, ಪ್ರಯಾಣಿಕರೇ ಕೊಡಬೇಕು. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಫೋಟೊ ತೆಗೆಯುವಂತಿಲ್ಲ. ವಾರಾಂತ್ಯದಲ್ಲಿ ಸ್ವಂತ ಕಾರು ತರುವುದು ಬೇಡವೇ ಬೇಡ; ಪಾರ್ಕಿಂಗ್ ಹುಡುಕುವುದರಲ್ಲೇ ಸೂರ್ಯ ಮುಳುಗುತ್ತಾನೆ.

ರಿಕ್ಷಾ, ಬಸ್ಸು

ಬಾಂದ್ರಾದೊಳಗೆ ರಿಕ್ಷಾ ಮೀಟರಿನಲ್ಲೇ ಓಡುತ್ತದೆ. 2025ರ ಫೆಬ್ರವರಿಯಲ್ಲಿ ಪರಿಷ್ಕರಿಸಿದ ದರದಂತೆ ಮೊದಲ ಒಂದೂವರೆ ಕಿ.ಮೀ.ಗೆ 26 ರೂಪಾಯಿ, ಮಧ್ಯರಾತ್ರಿಯಿಂದ ಬೆಳಿಗ್ಗೆ ಐದರವರೆಗೆ ಕಾಲುಭಾಗ ಹೆಚ್ಚು. ‘ಎಷ್ಟಾಗುತ್ತದೆ?’ ಎಂದು ಕೇಳಬೇಡಿ. ಕೂತು ಜಾಗದ ಹೆಸರು ಹೇಳಿ, ಮೀಟರ್ ಹಾಕಿಸಿ. ದರ ಕೇಳಿದ ತಕ್ಷಣ ನೀವು ಹೊಸಬರು ಎಂದು ಗೊತ್ತಾಗಿಬಿಡುತ್ತದೆ. ರಿಕ್ಷಾ ಮಾಹಿಮ್ ಕಡೆ ದಾಟಿ ಬರುವುದಿಲ್ಲ, ಅದಕ್ಕೆ ಪರವಾನಗಿ ಉಪನಗರಗಳಿಗೆ ಮಾತ್ರ. ದಕ್ಷಿಣಕ್ಕೆ ಹೋಗಲು ಕಪ್ಪು-ಹಳದಿ ಬಣ್ಣದ ‘ಕಾಲಿ-ಪೀಲಿ’ ಟ್ಯಾಕ್ಸಿ ಅಥವಾ ಆ್ಯಪ್ ಕ್ಯಾಬ್ ಬೇಕು. ನಗರ ಸಾರಿಗೆಯ ‘ಬೆಸ್ಟ್’ ಬಸ್ಸಿನವರಿಗೆ: ನಿಲ್ದಾಣದ ಪಶ್ಚಿಮದಿಂದ 211 ನಂಬರ್ ಬಸ್ಸು ಫಾದರ್ ಆಗ್ನೆಲ್ ಆಶ್ರಮಕ್ಕೆ ಹೋಗುತ್ತದೆ, ಅಲ್ಲಿ ಇಳಿದರೆ ಬ್ಯಾಂಡ್‌ಸ್ಟ್ಯಾಂಡಿನ ತುದಿ.

ತಿಂಡಿ ಮಾಟುಂಗಾದಲ್ಲಿ ಮುಗಿಸಿ

ಬಾಂದ್ರಾದ ಕೆಫೆಗಳು ಬೆಳಿಗ್ಗೆ ನಿಧಾನಕ್ಕೆ ತೆರೆಯುತ್ತವೆ, ತಿಂಡಿಯ ಬೆಲೆ ಊಟದ ಬೆಲೆಯಷ್ಟಿರುತ್ತದೆ. ಕನ್ನಡಿಗರಿಗೆ ಇದಕ್ಕೊಂದು ಚಂದದ ಪರಿಹಾರ ಇದೆ. ಹಾರ್ಬರ್ ಲೈನಿನಲ್ಲಿ ಬಾಂದ್ರಾಕ್ಕೆ ಎರಡು ನಿಲ್ದಾಣ ಮೊದಲು ಕಿಂಗ್ಸ್ ಸರ್ಕಲ್ ಸಿಗುತ್ತದೆ. ಅಲ್ಲಿ ಇಳಿದರೆ ಮಾಟುಂಗಾ. ಉಡುಪಿ ಕಡೆಯಿಂದ ಬಂದವರು ಕಟ್ಟಿದ ಹೋಟೆಲುಗಳ ಕೇರಿ. ಕೆಫೆ ಮದ್ರಾಸ್, ಕೆಫೆ ಮೈಸೂರು, ರಾಮ ನಾಯಕರ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ಮೂರೂ ಸ್ವಾತಂತ್ರ್ಯಕ್ಕೂ ಹಿಂದಿನವು. ಇಡ್ಲಿ, ದೋಸೆ, ಫಿಲ್ಟರ್ ಕಾಫಿ ಮುಗಿಸಿ ಮತ್ತೆ ಲೋಕಲ್ ಹತ್ತಿ: ಮಾಹಿಮ್, ಆಮೇಲೆ ಬಾಂದ್ರಾ. ಭಾನುವಾರ ಎಂಟರ ಮೇಲೆ ಹೋದರೆ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತದೆ. ಸೋಮವಾರ ಇಲ್ಲಿನ ಕೆಲವು ಹೋಟೆಲುಗಳಿಗೆ ರಜೆ.

ಬೆಳಗಿನ ನಡಿಗೆ: ಹಿಲ್ ರೋಡ್ ಮತ್ತು ರಣ್‌ವಾರ್

ಒಂಬತ್ತರ ಹೊತ್ತಿಗೆ ಬಾಂದ್ರಾ ನಿಲ್ದಾಣದ ಪಶ್ಚಿಮ ದ್ವಾರದಿಂದ ಹೊರಬನ್ನಿ. ಹಂಚಿನ ಇಳಿಜಾರು ಮಾಡಿನ ನಿಲ್ದಾಣದ ಕಟ್ಟಡವೇ ಪಾರಂಪರಿಕ ಪಟ್ಟಿಯಲ್ಲಿದೆ; ರಿಕ್ಷಾಗಳ ಗದ್ದಲದಲ್ಲಿ ತಲೆಯೆತ್ತಿ ನೋಡುವವರು ಕಡಿಮೆ. ಎಸ್.ವಿ. ರೋಡ್ ದಾಟಿ ಲಕ್ಕಿ ರೆಸ್ಟೋರೆಂಟಿನ ಜಂಕ್ಷನ್‌ನಿಂದ ಹಿಲ್ ರೋಡ್ ಹಿಡಿಯಿರಿ. ಮೊದಲ ಅರ್ಧ ಕಿ.ಮೀ. ಗದ್ದಲದ ಪೇಟೆ, ನೋಡುವಂಥದ್ದೇನಿಲ್ಲ. ಬೇಕಿದ್ದರೆ ಇಷ್ಟು ದೂರಕ್ಕೆ ರಿಕ್ಷಾ ಮಾಡಿ ಹೋಲಿ ಫ್ಯಾಮಿಲಿ ಆಸ್ಪತ್ರೆಯ ಹತ್ತಿರ ಇಳಿಯಿರಿ. ಅಲ್ಲೇ ಹರ್ಷ್ ಬೇಕರಿ ಇದೆ. ಪಫ್, ರೋಲ್ ಬಿಸಿಯಾಗಿರುವುದು ಬೆಳಗ್ಗೆ. ಕೂರಲು ಜಾಗ ಕಡಿಮೆ, ಕೈಯಲ್ಲಿ ಹಿಡಿದು ತಿನ್ನುವುದೇ ವಾಡಿಕೆ.

ಇಲ್ಲಿಂದ ಎಡಬದಿಯ ಗಲ್ಲಿಗಳಿಗೆ ತಿರುಗಿದರೆ ರಣ್‌ವಾರ್. ವರೋಡಾ ರೋಡ್, ವೆರೋನಿಕಾ ಸ್ಟ್ರೀಟ್, ಚಾಪೆಲ್ ರೋಡ್ ಈ ಮೂರನ್ನು ಸುತ್ತಿದರೆ ಸಾಕು, ಒಂದೂವರೆ ಗಂಟೆ ಬೇಕು. ಇದು ಬಾಂದ್ರಾ ಮುಂಬೈಯ ಉಪನಗರವಾಗುವ ಮೊದಲಿನ ಹಳ್ಳಿ, ಮರಾಠಿಯಲ್ಲಿ ಗಾವ್‌ಠಾಣ್. ಭತ್ತದ ಗದ್ದೆ ಮಾಡಿಕೊಂಡಿದ್ದ ಈಸ್ಟ್ ಇಂಡಿಯನ್ ಕ್ರೈಸ್ತರ ಮನೆಗಳು ಇವು. ಪೋರ್ಚುಗೀಸರ ಕಾಲದಲ್ಲಿ ಮತಾಂತರಗೊಂಡ ಇಲ್ಲಿನ ಮೂಲನಿವಾಸಿಗಳು ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನು ತಮ್ಮ ಸಮುದಾಯಕ್ಕೆ ಇಟ್ಟುಕೊಂಡವರು. ಆಡುವುದು ಮರಾಠಿಯ ಒಂದು ಬಗೆ. ಗೋವಾದವರೂ ಮಂಗಳೂರಿನ ಕೊಂಕಣಿ ಕ್ರೈಸ್ತರೂ ಆಮೇಲೆ ಬಂದು ಬಾಂದ್ರಾದಲ್ಲಿ ನೆಲೆಸಿದ್ದಾರೆ, ಹಾಗಾಗಿ ಬೇಕರಿಯ ಸಾಲಿನಲ್ಲಿ ಕರಾವಳಿಯ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ.

ಇಲ್ಲಿ ಏನನ್ನು ನೋಡಬೇಕು? ಮನೆಯ ಹೊರಗೋಡೆಗೆ ಅಂಟಿದ ಮರದ ಮೆಟ್ಟಿಲು ನೋಡಿ. ಕೆಳಗೊಂದು ಮೇಲೊಂದು ಸಂಸಾರ ಇರಲು, ಮೇಲಿನವರು ಕೆಳಗಿನವರ ಮನೆ ಹೊಕ್ಕದೆ ಹತ್ತಿಹೋಗಲು ಮಾಡಿದ ಏರ್ಪಾಟು. ಮೂರು ದಾರಿ ಕೂಡುವಲ್ಲಿ ನಿಂತ ಕಲ್ಲಿನ ಶಿಲುಬೆಗಳನ್ನು ನೋಡಿ; 1890ರ ದಶಕದ ಪ್ಲೇಗಿನ ಕಾಲದಲ್ಲಿ ಕಾಯಿಲೆ ಬಾರದಿರಲೆಂದು ನೆಟ್ಟವು ಬಾಂದ್ರಾದಲ್ಲಿ ಬಹಳಷ್ಟಿವೆ. ಚಾಪೆಲ್ ರೋಡಿನ ಗೋಡೆಚಿತ್ರಗಳು ಹೆಸರುವಾಸಿ, ಆದರೆ ಮಳೆಗಾಲ ಕಳೆದಂತೆ ಮಾಸುತ್ತವೆ, ಹೊಸದು ಬರುತ್ತದೆ. ಇಂಟರ್ನೆಟ್ಟಿನಲ್ಲಿ ಕಂಡ ಚಿತ್ರವೇ ಇರಬೇಕೆಂದು ಹುಡುಕಬೇಡಿ. ಹಳೆಯ ಮನೆಗಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ. ಒಂದು ಬಂಗಲೆ ಬಿದ್ದಲ್ಲಿ ಹತ್ತಾರು ಅಂತಸ್ತಿನ ಕಟ್ಟಡ ಏಳುತ್ತದೆ, ಗಲ್ಲಿಯ ಅಗಲ ಮಾತ್ರ ಎತ್ತಿನಗಾಡಿಯ ಕಾಲದ್ದೇ. ಇದನ್ನು ನೋಡಬೇಕೆಂದಿರುವವರು ಮುಂದೂಡಬಾರದು.

ಜನ ಇರುವ ಮನೆಗಳಿವು, ಪ್ರದರ್ಶನದ ಮನೆಗಳಲ್ಲ. ಜಗಲಿ ಹತ್ತಿ ಕೂರುವುದು, ಕಿಟಕಿಯೊಳಗೆ ಕ್ಯಾಮೆರಾ ಹಿಡಿಯುವುದು, ಮದುವೆ ಮುಂಚಿನ ಫೋಟೊಶೂಟಿಗೆ ಗಂಟೆಗಟ್ಟಲೆ ಗಲ್ಲಿ ಹಿಡಿದು ನಿಲ್ಲುವುದು ಇಲ್ಲಿನವರಿಗೆ ಸಾಕುಸಾಕಾಗಿದೆ. ವಯಸ್ಸಾದವರು ಹೊರಗೆ ಕೂತಿದ್ದರೆ ‘ಗುಡ್ ಮಾರ್ನಿಂಗ್ ಅಂಕಲ್, ಫೋಟೊ ತೆಗೀಲಾ?’ ಎಂದು ಕೇಳಿ. ಮಾತಿಗೆ ಮಾತು ಬೆಳೆದು ಬೀದಿಯ ಚರಿತ್ರೆಯೇ ಸಿಕ್ಕೀತು.

ನಡೆದು ದಣಿದರೆ ಚಾಪೆಲ್ ರೋಡಿನ ಮೇರಿ ಲಾಡ್ಜ್ ಎಂಬ ಹಳೆಯ ಬಂಗಲೆಯಲ್ಲಿ ಸಬ್ಕೊ ಕಾಫಿ ಇದೆ. ಭಾರತದ ತೋಟಗಳ ಬೀಜವನ್ನೇ ಹುರಿದು ಬಳಸುತ್ತಾರೆ. ಇದು ನಮ್ಮ ಫಿಲ್ಟರ್ ಕಾಫಿಯ ಜಾಡಿನದಲ್ಲ, ಹುಳಿ ಮುಂದಾಗಿರುತ್ತದೆ. ಕಹಿಯಾಗಿ ಗಟ್ಟಿಯಾಗಿ ಬೇಕಾದವರು ಹಾಲು ಹಾಕಿದ್ದನ್ನೇ ಹೇಳಿ.

ಮತ್ತೆ ಹಿಲ್ ರೋಡಿಗೆ ಬಂದು ಕಡಲ ಕಡೆ ನಡೆದರೆ ಸೇಂಟ್ ಆಂಡ್ರ್ಯೂಸ್ ಇಗರ್ಜಿ. ಜೆಸ್ಯುಯಿಟ್ ಪಾದ್ರಿಗಳು 1575ರಲ್ಲಿ ಕಟ್ಟಿದ್ದು, ಮುಂಬೈಯ ಅತ್ಯಂತ ಹಳೆಯ ಇಗರ್ಜಿಗಳಲ್ಲಿ ಒಂದು. ಅಂಗಳದ ಎತ್ತರದ ಕೆತ್ತನೆಯ ಕಲ್ಲು ಶಿಲುಬೆಯ ಮುಂದೆ ಐದು ನಿಮಿಷ ನಿಲ್ಲಿ. ಏಸುವಿನ ಕೊನೆಯ ಗಳಿಗೆಗಳ ಗುರುತುಗಳನ್ನು, ಮೊಳೆ, ಏಣಿ, ಸುತ್ತಿಗೆ, ಒಂದೇ ಕಲ್ಲಿನಲ್ಲಿ ಬಿಡಿಸಿದ್ದಾರೆ. ಇಗರ್ಜಿಯ ಹಿಂದೆ ಕಡಲಿಗೆ ತಾಗಿ ಕೋಳಿ ಎಂಬ ಮೀನುಗಾರ ಸಮುದಾಯದ, ಅಂದರೆ ಇಲ್ಲಿನ ಮೊಗವೀರರ, ಚಿಂಬಾಯಿ ಕೇರಿ. ದೋಣಿ, ಬಲೆ, ಒಣಮೀನಿನ ವಾಸನೆ. ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟುಗಳ ನೆರಳಲ್ಲೇ.

ಊಟ

ಹನ್ನೆರಡೂವರೆಗೆ ಊಟಕ್ಕೆ ಕೂತುಬಿಡಿ. ಒಂದೂವರೆಯ ನಂತರ ಎಲ್ಲೆಡೆ ಕಾಯಬೇಕು. ಬಿರಿಯಾನಿ ಬೇಕಾದವರಿಗೆ ಲಕ್ಕಿ. ಚಾಟ್ ಬೇಕಾದವರಿಗೆ ಹಿಲ್ ರೋಡಿನ ಎಲ್ಕೊ. ಪಾನಿಪುರಿಯ ನೀರಿನ ಭಯ ಇರುವವರು ಬೀದಿಗಿಂತ ಇಲ್ಲಿ ತಿನ್ನುವುದು ಕ್ಷೇಮ. ಕುಟುಂಬದೊಂದಿಗೆ ಬಂದವರಿಗೆ ಪಾಲಿ ನಾಕಾ ಕಡೆಯ ಕ್ಯಾಂಡೀಸ್ ಹೇಳಿ ಮಾಡಿಸಿದ ಜಾಗ: ಹಲವು ಅಂತಸ್ತು, ಕೌಂಟರಿನಲ್ಲಿ ಕೊಂಡು ಎಲ್ಲಾದರೂ ಕೂರಬಹುದು, ಮಕ್ಕಳು ಓಡಾಡಿದರೆ ಯಾರೂ ಗೊಣಗುವುದಿಲ್ಲ. ಮೆನುವಿನಲ್ಲಿ ‘ಬಾಟಲ್ ಮಸಾಲಾ’ ಎಂದು ಎಲ್ಲಾದರೂ ಕಂಡರೆ ಬಿಡಬೇಡಿ. ಅದು ಈಸ್ಟ್ ಇಂಡಿಯನ್ ಮನೆಗಳಲ್ಲಿ ಬೇಸಿಗೆಯಲ್ಲಿ ಹುರಿದು ಕುಟ್ಟಿ, ಬಿಯರ್ ಬಾಟಲಿಗಳಲ್ಲಿ ತುಂಬಿ ವರ್ಷಪೂರ್ತಿ ಬಳಸುವ ಪುಡಿ.

ದೊಡ್ಡ ರೆಸ್ಟೋರೆಂಟುಗಳಿಗೆ ಶುಕ್ರವಾರದಿಂದ ಭಾನುವಾರದವರೆಗೆ ಮೊದಲೇ ಟೇಬಲ್ ಕಾದಿರಿಸಿ. ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಇದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಎನ್ನಬಹುದು. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ಮದ್ಯಕ್ಕೆ 25 ವರ್ಷ ತುಂಬಿರಬೇಕು. ಗುರುತಿನ ಚೀಟಿ ಕೇಳುತ್ತಾರೆ.

ಊಟದ ನಂತರದ ಬಿಸಿಲಿಗೆ ಪೇಟೆ. ಲಿಂಕಿಂಗ್ ರೋಡಿನಲ್ಲಿ ಚಪ್ಪಲಿ, ಬ್ಯಾಗು. ಹಿಲ್ ರೋಡಿನಲ್ಲಿ ಬಟ್ಟೆ. ಬೀದಿ ಅಂಗಡಿಗಳು ಹನ್ನೊಂದರ ಮೇಲೇ ತೆರೆಯುವುದು. ಹೇಳಿದ ಬೆಲೆಯ ಅರ್ಧಕ್ಕಿಂತ ಕೆಳಗಿನಿಂದ ಚೌಕಾಸಿ ಶುರುಮಾಡಿ. ಚಪ್ಪಲಿಯ ಎರಡೂ ಕಾಲು ಹಾಕಿ ನೋಡಿ, ಒಂದು ಜೋಡಿಯಲ್ಲಿ ಎರಡು ಅಳತೆ ಬರುವುದುಂಟು. ಬಟ್ಟೆ ಹಾಕಿ ನೋಡಲು ಕೋಣೆ ಇರುವುದಿಲ್ಲ, ವಾಪಸೂ ಇಲ್ಲ. ಅಳತೆಗೆ ಸರಿಹೊಂದುವ ನಿಮ್ಮದೇ ಒಂದು ಅಂಗಿ ಒಯ್ದರೆ ಮೇಲಿಟ್ಟು ನೋಡಬಹುದು.

ಸಂಜೆ: ಗುಡ್ಡ, ಕೋಟೆ, ಬಂಡೆ

ಮೂರೂವರೆಗೆ ರಿಕ್ಷಾದಲ್ಲಿ ಮೌಂಟ್ ಮೇರಿಗೆ ಹತ್ತಿ. ಏರು ಇರುವುದರಿಂದ ಮೇಲಕ್ಕೆ ಗಾಡಿ, ಕೆಳಕ್ಕೆ ನಡಿಗೆ. ಈಗಿನ ಕಟ್ಟಡ 1904ರದ್ದು, ಒಳಗಿನ ಮಾತೆಯ ಮೂರ್ತಿ ಅದಕ್ಕಿಂತ ಬಹಳ ಹಳೆಯದು. ಹೊರಗೆ ಮಾರುವ ಮೇಣದ ಗೊಂಬೆಗಳನ್ನು ಗಮನಿಸಿ: ಕೈ, ಕಾಲು, ಮಗು, ಮನೆ, ವಿಮಾನ. ನೋವಿರುವ ಅಂಗದ್ದೋ, ಬೇಕಾದ ವಸ್ತುವಿನದ್ದೋ ಆಕಾರ ಹರಕೆ ಒಪ್ಪಿಸುತ್ತಾರೆ. ಎಲ್ಲ ಮತದವರೂ ಬರುತ್ತಾರೆ. ಪೂಜೆ ನಡೆಯುತ್ತಿದ್ದರೆ ಹಿಂದೆ ನಿಂತು ನೋಡಿ, ಫೋಟೊ ಬೇಡ. ಸೆಪ್ಟೆಂಬರ್ 8ರ ನಂತರದ ಭಾನುವಾರದಿಂದ ಒಂದು ವಾರ ಬಾಂದ್ರಾ ಜಾತ್ರೆ. ಜಾತ್ರೆಯನ್ನೇ ನೋಡಬೇಕೆಂದಿದ್ದರೆ ವಾರದ ನಡುವೆ ಬೆಳಗ್ಗೆ ಬನ್ನಿ. ಮೊದಲ ಮತ್ತು ಕೊನೆಯ ಭಾನುವಾರ ಗುಡ್ಡದ ದಾರಿಗಳಲ್ಲಿ ವಾಹನ ಬಿಡುವುದಿಲ್ಲ, ಜನಸಾಗರ.

ಗುಡ್ಡ ಇಳಿದರೆ ಲ್ಯಾಂಡ್ಸ್ ಎಂಡ್, ತಾಜ್ ಹೋಟೆಲಿನ ಆಚೆ ಬಾಂದ್ರಾ ಕೋಟೆ. ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕಾಸ್ಟೆಲಾ ದೆ ಅಗ್ವಾದಾ. ಉಳಿದಿರುವುದು ಒಂದಿಷ್ಟು ಗೋಡೆ ಮಾತ್ರ. ಮರಾಠರ ಕೈಗೆ ಸಿಕ್ಕೀತೆಂಬ ಭಯದಲ್ಲಿ ಬ್ರಿಟಿಷರು ಕೆಡವಿಹಾಕಿದರು. ಇಲ್ಲಿಗೆ ಬರುವುದು ಸೀ ಲಿಂಕ್ ನೋಡಲು. ನಾಲ್ಕರಿಂದ ಐದೂವರೆಯ ನಡುವೆ ಬಿಸಿಲು ಹಿಂದಿನಿಂದ ಬಿದ್ದು ಸೇತುವೆಯ ತಂತಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಬೆಳಗ್ಗೆ ಬಂದರೆ ಎದುರು ಬೆಳಕು, ಮಂಜು. ಕತ್ತಲಾಗುತ್ತಿದ್ದಂತೆ ಗೇಟು ಹಾಕುತ್ತಾರೆ.

ಆಮೇಲೆ ಬ್ಯಾಂಡ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಸೂರ್ಯಾಸ್ತ. ಡಿಸೆಂಬರ್ ಆರಂಭದಲ್ಲಿ ಆರಕ್ಕೆ, ಜೂನ್ ಕೊನೆಯಲ್ಲಿ ಏಳೂಕಾಲು ದಾಟಿ. ಅರ್ಧ ಗಂಟೆ ಮೊದಲು ಜಾಗ ಹಿಡಿಯಿರಿ.

ಬಂಡೆಗಳ ಮೇಲೆ ಇಳಿಯುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಜೀವಗಳು ಹೋಗಿವೆ. 2016ರ ಜನವರಿಯಲ್ಲಿ ಸೆಲ್ಫಿ ತೆಗೆಯುತ್ತಿದ್ದ ಹುಡುಗಿಯರು ಇಲ್ಲಿ ನೀರಿಗೆ ಬಿದ್ದು ಒಬ್ಬಳು ತೀರಿಕೊಂಡಳು, ಕಾಪಾಡಲು ಹಾರಿದವನೂ ಮುಳುಗಿದ. ಮಳೆಗಾಲವಲ್ಲದ ಜನವರಿಯಲ್ಲಿ ಆದದ್ದು ಎಂಬುದನ್ನು ನೆನಪಿಡಿ. ಮುಂಬೈಯಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸು ಕಡಲಿನ ಭರತ (ಉಬ್ಬರ) ಮತ್ತು ಇಳಿತದ ನಡುವಿನ ಅಂತರ ನಾಲ್ಕು ಮೀಟರ್ ದಾಟುತ್ತದೆ, ಒಂದು ಅಂತಸ್ತಿಗಿಂತ ಹೆಚ್ಚು. ಆ ದಿನಗಳಲ್ಲಿ ಭರತ ಮಧ್ಯಾಹ್ನ ಹನ್ನೆರಡು-ಒಂದರ ಹೊತ್ತಿಗೆ, ಇಳಿತ ಸಂಜೆ ಆರು-ಏಳಕ್ಕೆ. ಸಂಜೆ ಬಂದವರಿಗೆ ಬಂಡೆಗಳು ದೂರದವರೆಗೆ ಬರಿದಾಗಿ ಕಾಣುತ್ತವೆ. ತುದಿಯವರೆಗೆ ಹೋಗಿ ಕೂರುತ್ತಾರೆ. ನೀರು ಮರಳುವಾಗ ಮೊದಲು ತುಂಬುವುದು ಬಂಡೆಗಳ ನಡುವಿನ ತಗ್ಗು, ಅಂದರೆ ಅವರ ಬೆನ್ನ ಹಿಂದೆ. ಅಷ್ಟರಲ್ಲಿ ಕತ್ತಲಾಗಿರುತ್ತದೆ, ಪಾಚಿಯಲ್ಲಿ ಕಾಲು ನಿಲ್ಲುವುದಿಲ್ಲ. ಅಷ್ಟಮಿಯ ಆಸುಪಾಸು ಉಲ್ಟಾ: ಸಂಜೆಯೇ ಭರತ, ಅಲೆ ಕಟ್ಟೆಯ ಹತ್ತಿರಕ್ಕೆ ಬರುತ್ತದೆ. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ನಿನ್ನೆಯ ಲೆಕ್ಕ ಇಂದಿಗೆ ನಡೆಯದು. ಆ ದಿನದ ವೇಳೆಯನ್ನು ಫೋನಿನಲ್ಲಿ ನೋಡಿಕೊಂಡು ಬನ್ನಿ, ಏನೇ ಇದ್ದರೂ ಒದ್ದೆ ಬಂಡೆಗೆ ಕಾಲಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟೆಯಿಂದ ಕೆಳಗೆ ಇಳಿಯುವ ಯೋಚನೆಯೇ ಬೇಡ.

ಸೂರ್ಯ ಮುಳುಗಿದ ಮೇಲೆ ರಿಕ್ಷಾ ಹಿಡಿದು ಕಾರ್ಟರ್ ರೋಡಿಗೆ. ಒಂದು ಕಿ.ಮೀ.ಗಿಂತ ತುಸು ಹೆಚ್ಚಿನ ಕಾಲುದಾರಿ, ನಾಯಿ ಹಿಡಿದು ನಡೆಯುವವರು, ಓಡುವವರು, ಎದುರಿಗೆ ಸಾಲು ತಿನಿಸಿನ ಅಂಗಡಿ. ದಕ್ಷಿಣ ತುದಿಯಲ್ಲಿ 1990ರಲ್ಲಿ ತೆರೆದ ಜಾಗರ್ಸ್ ಪಾರ್ಕ್. ಇಳಿತದ ಹೊತ್ತಿನಲ್ಲಿ ಕಾಂಡ್ಲಾ ಕೆಸರಿನ ವಾಸನೆ ಬಲವಾಗಿರುತ್ತದೆ, ಊಟಕ್ಕೆ ರಸ್ತೆಯ ಆಚೆ ಬದಿಯೇ ವಾಸಿ.

ಮರಳುವಾಗ

ರಾತ್ರಿ ಎಂಟರಿಂದ ಹತ್ತರವರೆಗೆ ಕಾರ್ಟರ್ ರೋಡಿನಿಂದ ನಿಲ್ದಾಣಕ್ಕೆ ರಿಕ್ಷಾದವರು ‘ನಹೀ’ ಎನ್ನುವುದೇ ಹೆಚ್ಚು. ನಿಲ್ದಾಣದ ಮುಂದಿನ ಜಾಮಿನಲ್ಲಿ ಸಿಕ್ಕಿಕೊಳ್ಳಲು ಅವರಿಗೆ ಇಷ್ಟವಿಲ್ಲ. ಖಾರ್ ನಿಲ್ದಾಣ ಎಂದು ಕೇಳಿ ನೋಡಿ. ಅಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ, ಆದರೆ ದಕ್ಷಿಣಕ್ಕೆ ಹೋಗುವವರಿಗೆ ಆ ಹೊತ್ತಿನಲ್ಲಿ ಸೀಟು ಸಿಗುತ್ತದೆ. ಭಾನುವಾರದ ಪ್ರವಾಸವಾದರೆ ಒಂದು ದಿನ ಮೊದಲೇ ರೈಲ್ವೆಯ ಪ್ರಕಟಣೆ ನೋಡಿಕೊಳ್ಳಿ. ಹಳಿ ದುರಸ್ತಿಗೆಂದು ಹಗಲು ಹೊತ್ತು ನಾಲ್ಕೈದು ಗಂಟೆ ಬ್ಲಾಕ್ ಇರುತ್ತದೆ, ಹಾರ್ಬರ್ ಲೈನ್ ಅಂತೂ ಆಗ ಕೆಲವು ಭಾಗಗಳಲ್ಲಿ ಪೂರ್ತಿ ನಿಲ್ಲುತ್ತದೆ. ಬ್ಲಾಕ್ ಸಾಮಾನ್ಯವಾಗಿ ಹತ್ತೂವರೆ-ಹನ್ನೊಂದಕ್ಕೆ ಶುರುವಾಗುವುದರಿಂದ, ಮಾಟುಂಗಾದ ತಿಂಡಿ ಮುಗಿಸಿ ಒಂಬತ್ತಕ್ಕೆ ಬಾಂದ್ರಾ ಸೇರುವವರಿಗೆ ತೊಂದರೆಯಿಲ್ಲ. ತಡವಾಗಿ ಏಳುವವರು ದಾದರ್ ಮೂಲಕ ಪಶ್ಚಿಮ ರೈಲ್ವೆಯಲ್ಲೇ ಬರಲಿ.